ಲಾಡಿಯ ಕೆಳಗಿನ ಹಕ್ಕಳೆ

ಅಕ್ಕನ ಸೊಂಟದ ಮೇಲಿದ್ದ ಆ ಕಪ್ಪು ಹಕ್ಕಳೆಯನ್ನು ನಾನೇ ಕಣ್ಣಾರೆ ಕಂಡೆನೋ, ಅತ್ತೆ ಬಂದು ಹೇಳಿದ್ದೇ ಇಷ್ಟು ವರ್ಷಗಳಲ್ಲಿ ಕಂಡ ಚಿತ್ರವಾಗಿ ಕೂತುಬಿಟ್ಟಿದೆಯೋ, ಖಚಿತವಾಗಿ ಹೇಳಲಾರೆ. ಕಂಡಿರಲು ಸಾಧ್ಯವಿಲ್ಲ, ಅತ್ತೆ ಬಾಗಿಲು ಹಾಕಿಕೊಂಡಿದ್ದರು. ಆದರೂ ಅದರ ಆಕಾರ ನನಗೆ ಗೊತ್ತು: ಬೀಡಿಯ ಬೆಂಕಿ ತಾಗಿಸಿದಂತೆ ದುಂಡಗೆ, ಸುತ್ತಲೂ ಕೆಂಪು ಅಂಚು. ಆ ಅಂಚು ಯಾವುದೋ ಪಠ್ಯಪುಸ್ತಕದ ಚಿತ್ರದಿಂದ ಬಂದದ್ದಿರಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಉಣ್ಣೆಯ ಬಳಗದ ನುಸಿಗಳ ಮೇಲೆ ಸಂಶೋಧನೆ ಶುರುಮಾಡಿದ್ದೆ. ಅಕ್ಕನನ್ನು ಹೂವಿನಹಡಗಲಿಯಲ್ಲಿ ನಮ್ಮ ಸೋದರತ್ತೆಯ ಮಗನಿಗೇ ಕೊಟ್ಟಿತ್ತು. ಊರಾಚೆ ಅವರದೊಂದು ಮಲ್ಲಿಗೆ ತೋಟ. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಇಲಿ ಬೋನುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಕೊಟ್ಟೂರಿನಿಂದ ಬಸ್ಸು ಹಿಡಿದೆ. ನುಸಿಯ ಮರಿಗಳು ಇಲಿಯ ಕಿವಿಯೊಳಗೆ ಗುಂಪುಗುಂಪಾಗಿ ಕಚ್ಚಿಕೊಂಡಿರುತ್ತವೆ. ಅವನ್ನು ಕೆರೆದು ಶೀಶೆಗೆ ತುಂಬುವುದು ನನ್ನ ಕೆಲಸ.

"ಇಲಿ ಕಿವಿ ನೋಡಾಕ ಎಮ್ಮೆಸ್ಸಿ ಓದಬೇಕೇನಲೇ?" ಎಂದರು ಅತ್ತೆ. "ನಮ್ಮ ಮನಿ ಬೆಕ್ಕು ಒಂದಕ್ಷರ ಓದಿಲ್ಲ, ದಿನಾ ನೋಡ್ತೈತಿ."

ನಾನು ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ತೋಟದ ಬದುವಿನಲ್ಲಿ ಸಿಕ್ಕ ಇಲಿಯ ಕಿವಿ ಕೆಳಗಿತ್ತು. ಅತ್ತೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಕುಂಕುಮ ಉದುರಿಸಿದಂಗ ಐತಲ್ಲೋ... ಅಯ್ಯ ಶಿವನ, ನಡೀತಾವ ಇವು!"

ಒಂದು ರಾಗಿ ಕಾಳಿನ ಮೇಲೆ ಹತ್ತಾರು ಕೂರಬಹುದಾದಷ್ಟು ಸಣ್ಣವು. ಅವುಗಳ ಮೈಯೊಳಗೆ, ಜೀವಕೋಶಗಳ ಒಳಗೇ ಬದುಕುವ ರಿಕೆಟ್ಸಿಯಾ ಜಾತಿಯ ರೋಗಾಣು ಇರಬಹುದು ಎಂದು ನಾನು ವಿವರಿಸಿದೆ. ಅತ್ತೆ ನಕ್ಕು, "ಹುಳದಾಗ ಹುಳ ಹೊಕ್ಕೈತಿ ಅನ್ನು" ಎಂದು ಒಳಗೆ ಹೋದರು. ಒಳಗೆ ಅಕ್ಕ ಜ್ವರದಲ್ಲಿ ಮಲಗಿದ್ದಳು.

ನಾನು ಬರುವ ಮೊದಲೇ ಹಿಡಿದಿದ್ದ ಜ್ವರ. ಡಾಕ್ಟರು ಸೈಕಲ್ಲಿನಲ್ಲಿ ಬಂದು ನಾಲಗೆ, ಕಣ್ಣು, ನಾಡಿ ನೋಡಿ, ರವಿಕೆಯ ಮೇಲಿಂದಲೇ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಹೋಗುತ್ತಿದ್ದರು. ಮಲೇರಿಯಾದ ಗುಳಿಗೆ ಆಯಿತು, ಪೆನ್ಸಿಲಿನ್ ಸೂಜಿ ಆಯಿತು. ಜ್ವರ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಅಕ್ಕ ನನ್ನನ್ನು ನೋಡಿ, "ಯಾರು ಬಂದಾರ?" ಎಂದಳು. ನಾನು ಹೆಸರು ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ಈ ಜ್ವರ ನುಸಿಯಿಂದ ಬಂದದ್ದಿರಬಹುದು ಎಂದು ಹೊಳೆದದ್ದು ಆಗಲೋ, ಆಮೇಲೋ ಗೊತ್ತಿಲ್ಲ. ಮೊಗ್ಗು ಬಿಡಿಸುವ ಹೆಂಗಸರು, ಅವರ ಜತೆ ಅಕ್ಕನೂ, ಸೀರೆ ಎತ್ತಿ ಕಟ್ಟಿ, ಹುಲ್ಲು ಬೆಳೆದ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಮೊಗ್ಗನ್ನು ಉಡಿಯಲ್ಲಿ ತುಂಬಿಕೊಳ್ಳುತ್ತಾರೆ. ಹುಲ್ಲಿನಿಂದ ಹತ್ತಿದ ನುಸಿಯ ಮರಿ, ಬಟ್ಟೆ ಬಿಗಿಯಾಗಿರುವಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನಾನು ಓದಿದ್ದೆ. ಕಚ್ಚಿದ್ದು ತಿಳಿಯುವುದೇ ಇಲ್ಲ. ಅಲ್ಲೊಂದು ಕಪ್ಪು ಹಕ್ಕಳೆ ಕಟ್ಟುತ್ತದೆ, ನೋವೂ ಇರುವುದಿಲ್ಲ. ನೋಯದ್ದನ್ನು ಯಾವ ಹೆಂಗಸು ಡಾಕ್ಟರಿಗೆ ತೋರಿಸುತ್ತಾಳೆ, ಅದೂ ಲಂಗದ ಲಾಡಿಯ ಕೆಳಗಿನದನ್ನು?

ನಾನಂತೂ ನೋಡುವಂತಿರಲಿಲ್ಲ. "ಅತ್ತಿ, ಲಾಡಿ ಸಡಿಲ ಮಾಡಿ ಸೊಂಟದ ಸುತ್ತ ನೋಡ್ರಿ" ಎಂದೆ.

"ಏನು ನೋಡ್ಲಿ?"

"ಸುಟ್ಟಂಥ ಗುರುತು."

"ಅದಾ? ಲಾಡಿ ಉಜ್ಜಿ ಆಗೈತಿ. ಮೊನ್ನಿನೇ ಅರಿಶಿಣ ಹಚ್ಚೀನಿ." ಅಷ್ಟು ಹೇಳಿದವರು ನನ್ನ ಮುಖ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ದನಿ ಸಣ್ಣದಾಗಿತ್ತು. "ಉಜ್ಜಿದ್ದಲ್ಲಲೇ ಅದು. ಕರ್ರಗ ಸುಟ್ಟಂಗ ಐತಿ. ಒಂದ ಐತಿ."

ಡಾಕ್ಟರು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. "ನುಸಿ ಜ್ವರದ ಬಗ್ಗೆ ಓದಿದ್ದೆ. ಇಲ್ಲಿ ಸಿಗ್ತದ ಅಂತ ಅನ್ಕೊಂಡಿರ್ಲಿಲ್ಲ. ಟೆಟ್ರಾಸೈಕ್ಲಿನ್ ಕೊಡೋಣ. ನಿಮ್ಮ ಮಾತು ಸುಳ್ಳಾದ್ರ?"

"ಸುಳ್ಳಾದ್ರ ಈಗಿನಕಿಂತ ಕೆಡೋದು ಏನೈತ್ರಿ?" ಎಂದರು ಅತ್ತೆ.

ಎರಡು ದಿನ ತುಂಬುವಷ್ಟರಲ್ಲಿ ಹಣೆ ತಣ್ಣಗಾಯಿತು. ಅಕ್ಕ ಎದ್ದು ಕೂತು, "ಹಸಿವಾಗೇತಿ, ಜೋಳದ ನುಚ್ಚಿಗೆ ಮಜ್ಜಿಗಿ ಹಾಕಿ ಕೊಡ್ರಿ" ಎಂದಳು. ನನ್ನತ್ತ ತಿರುಗಿ, "ನೀನು ಯಾವಾಗ ಬಂದೆಲೋ?" ಎಂದಳು. ಕಣ್ಣಿಗೆ ಕಾಣದ ಒಂದು ಜೀವ ಅವಳಿಂದ ನನ್ನ ಹೆಸರನ್ನೇ ಕಿತ್ತುಕೊಂಡಿತ್ತು. ಹಳದಿ ಪುಡಿ ತುಂಬಿದ ಗುಳಿಗೆ ಅದನ್ನು ವಾಪಸು ತಂದುಕೊಟ್ಟಿತ್ತು.

ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಆಗಲೂ ಗೊತ್ತಿತ್ತು. ರಕ್ತ ಪರೀಕ್ಷೆ ಆಗಲಿಲ್ಲ. ಜ್ವರ ತಾನಾಗಿಯೇ ಇಳಿಯುವ ಹೊತ್ತು ಬಂದಿದ್ದಿರಬಹುದು. ಮನೆಯವರು ನಾನೇ ಉಳಿಸಿದೆ ಎನ್ನುತ್ತಾರೆ. ಅಕ್ಕ ಒಪ್ಪುವುದಿಲ್ಲ. ಸೊಂಟದ ಗುರುತಿನ ವಿಷಯ ಮೊದಲು ಎತ್ತಿದ್ದು ಡಾಕ್ಟರೇ ಎಂಬುದು ಅವಳ ವಾದ. ಅವಳಿಗೆ ಆಗ ಮೈಮೇಲೆ ಎಚ್ಚರವಿರಲಿಲ್ಲ. ನನಗೆ ಎಚ್ಚರವಿತ್ತು, ಆದರೆ ಆಮೇಲೆ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಯಾರ ನೆನಪು ಹೆಚ್ಚು ಕೆಟ್ಟಿದೆಯೋ ತಿಳಿಯದು.

ಚೇತರಿಸಿಕೊಳ್ಳುತ್ತಿದ್ದಾಗ ಅಕ್ಕ, "ನನಗಿದು ಯಾರಿಂದ ಬಂತೋ?" ಎಂದು ಕೇಳಿದಳು. ಅತ್ತೆಗೆ ಜತೆಯಲ್ಲಿ ಹೂ ಬಿಡಿಸುವ ಹೆಂಗಸರ ಮೇಲೆ ಅನುಮಾನ. ಅವರಲ್ಲೊಬ್ಬಳಿಗೆ ಮೊದಲೇ ಜ್ವರ ಬಂದಿತ್ತಂತೆ, ಅವಳನ್ನು ತೋಟಕ್ಕೆ ಕರೆಯುವುದೇ ಬೇಡ ಎಂದರು. ನಾನು ಇಲಿಯ ಕಡೆ ಕೈ ತೋರಿಸಿದೆ. ಖಾತ್ರಿ ನನಗೂ ಇರಲಿಲ್ಲ. ಆ ಹೆಂಗಸು ಕೆಲಸಕ್ಕೆ ಬರುವುದು ನಿಂತಿತು ಎಂದು ನನ್ನ ನೆನಪು. ಇಲ್ಲ, ಬರುತ್ತಲೇ ಇದ್ದಳು ಎಂದು ಅಕ್ಕನದು.

ಊರಿಗೆ ಮರಳಿದ ಮೇಲೆ, ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಿದೆ. ಒಂದೇ ಪುಸ್ತಕವನ್ನು ನಂಬದೆ ಬೇರೆಬೇರೆ ಕಡೆ ತಾಳೆ ನೋಡಿದೆ. ಇದೊಂದು ಮಾತು ಎಲ್ಲೆಡೆ ನಿಂತಿತು. ಈ ಜಾತಿಯ ನುಸಿ ಪ್ರಾಣಿಯ ಮೈಗೆ ಬಾಯಿ ಹಾಕುವುದು ಮರಿಯಾಗಿದ್ದಾಗ, ಬದುಕಿನಲ್ಲಿ ಒಂದೇ ಸಲ. ಆಮೇಲೆ ಮಣ್ಣಿಗಿಳಿದು ಸಣ್ಣ ಕೀಟಗಳ ಮೊಟ್ಟೆ ತಿಂದು ಬಾಳುತ್ತದೆ. ಅಂದರೆ ಅಕ್ಕನನ್ನು ಕಚ್ಚಿದ ಮರಿ ಅದಕ್ಕೆ ಮುಂಚೆ ಯಾವ ಹೆಂಗಸನ್ನೂ ಯಾವ ಇಲಿಯನ್ನೂ ಮುಟ್ಟಿರಲಿಲ್ಲ. ರೋಗಾಣು ಅದಕ್ಕೆ ಮೊಟ್ಟೆಯಲ್ಲೇ, ತನ್ನ ತಾಯಿಯಿಂದ ಬಂದಿತ್ತು.