ಚೀಲದಲ್ಲಿ ಉಳಿದ ವಿಭೂತಿ

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಿಕ್ಸಿ ರಿಪೇರಿ ಅಂಗಡಿ. ಆ ಮಧ್ಯಾಹ್ನ ಅಲ್ಲಿ ಇದ್ದವರು ಮೂವರು. ಸ್ಟೂಲಿನ ಮೇಲೆ ನನ್ನ ಅತ್ತೆ, ಬಾಗಿಲಿಗೆ ಒರಗಿಕೊಂಡು ನಾನು, ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತ ವಯಸ್ಸಾದ ಮೇಸ್ತ್ರಿ. ಅವರ ಮುಂದೆ ನಮ್ಮ ವ್ಯಾಕ್ಯೂಮ್ ಕ್ಲೀನರ್ ಅಂಗಾತ ಬಿದ್ದಿತ್ತು. ಬಸವಕಲ್ಯಾಣದ ನಮ್ಮ ಮನೆಯಿಂದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ.

ಅಲ್ಲಿಂದ ಎರಡು ಓಣಿ ಆಚೆ ಆಸ್ಪತ್ರೆಯಲ್ಲಿ ನನ್ನ ಯಜಮಾನರು ಉಬ್ಬಸದಿಂದ ಮಲಗಿ ಆರು ದಿನವಾಗಿತ್ತು. ಅಂದು ಸಂಜೆ ಐದಕ್ಕೆ ಮನೆಗೆ ಕಳಿಸುವವರಿದ್ದರು. ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು, “ಮನ್ಯಾಗ ಕಸಬರಿಗಿ ಆಡಿಸಬ್ಯಾಡ್ರಿ. ಧೂಳ ಎದ್ದರ ಮತ್ತ ಇಲ್ಲೇ ಬರ್ತೀರಿ.” ನಮ್ಮ ಓಣಿಯಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರು. ಕಿಟಕಿ ಮುಚ್ಚಿದರೂ ಕೆಂಪು ಧೂಳು ಒಳಗೆ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಅವರು ಮಲಗುವ ಹತ್ತಿಯ ಗಾದಿಯನ್ನು ಏನು ಮಾಡುವುದು? ಅಂದು ಬೆಳಿಗ್ಗೆ ಗಾದಿಗೆ ಕೈ ಹಾಕುವ ಹೊತ್ತಿಗೇ ಮಷೀನು ಸುಟ್ಟ ವಾಸನೆ ಬಿಟ್ಟು ನಿಂತಿತ್ತು. ನನ್ನ ಅಣ್ಣ ಹೊಸದು ಕೊಂಡಾಗ ಕೊಟ್ಟ ಹಳೆಯ ಮಷೀನು ಅದು. ನಮಗೆ ಹೊಸದು ಕೊಳ್ಳುವ ತ್ರಾಣವಿರಲಿಲ್ಲ.

ಮೇಸ್ತ್ರಿ ಮುಚ್ಚಳ ತೆಗೆದು ಒಳಗಿನ ಬಟ್ಟೆ ಚೀಲವನ್ನು ಎಳೆದರು. ಅದು ಜೋಳದ ಚೀಲದಂತೆ ಬಿಗಿದಿತ್ತು. ಬೆರಳು ಆಡಿಸಿದರೆ ಬಿಳಿ ಬೂದಿ.

“ಇದೇನ್ರಿ ಅಕ್ಕೋರ, ಒಲಿ ಬೂದಿ ಎಳಸೀರೇನು?”

“ವಿಭೂತಿ ಅದ,” ಎಂದರು ಅತ್ತೆ.

ಇಪ್ಪತ್ತು ದಿನದ ಹಿಂದೆ ದೇವರ ಜಗಲಿಯಿಂದ ವಿಭೂತಿ ಗಟ್ಟಿಗಳ ಬುಟ್ಟಿ ಬಿದ್ದು ಪುಡಿಪುಡಿಯಾಗಿತ್ತು. ಮಷೀನಿನಿಂದ ಎಳೆದವಳು ನಾನು. ಅದನ್ನು ಕಸದ ಗಾಡಿಗೆ ಸುರಿಯುವಂತಿಲ್ಲ, ಮಂದಿ ತುಳಿಯುತ್ತಾರೆ, ಸೋಮವಾರ ಕೆರೆಗೆ ಬಿಡೋಣ, ಅಲ್ಲಿಯ ತನಕ ಚೀಲ ಮುಟ್ಟಬೇಡ ಎಂದವರು ಅತ್ತೆ. ಆ ಸೋಮವಾರ ಅವರು ಮೋರಖಂಡಿಗೆ ತಂಗಿಯ ಮನೆಗೆ ಹೋದರು. ಮುಂದಿನ ಸೋಮವಾರ ನೆನಪಾಗಲಿಲ್ಲ. ಅದರ ಮುಂದಿನದು ಬರುವಷ್ಟರಲ್ಲಿ ಆಸ್ಪತ್ರೆ. ಚೀಲ ತುಂಬಿದೆಯೆಂದು ಗೊತ್ತಿದ್ದೂ ನಾನು ದಿನಾ ಮಷೀನು ಓಡಿಸಿದೆ.

“ವಿಭೂತಿ ಹಣಿಗಿ ಹಚ್ಚತಾರ್ರಿ. ನೀವು ಮಷೀನಿಗಿ ತಿನಿಸೀರಿ,” ಎಂದು ಮೇಸ್ತ್ರಿ ಚೀಲ ಎತ್ತಿಕೊಂಡು ಹೊರಗಿನ ಚರಂಡಿಯ ಕಡೆ ಎದ್ದರು.

ಅತ್ತೆ ಸ್ಟೂಲಿನಿಂದ ಎದ್ದದ್ದೇ ಅವರ ಕೈ ಹಿಡಿದರು. “ತಮ್ಮಾ, ಅಲ್ಲಿ ಬ್ಯಾಡ.”

ಮೇಸ್ತ್ರಿ ಮತ್ತೆ ಗೋಣಿತಟ್ಟಿನ ಮೇಲೆ ಕೂತರು. ಆಮೇಲೆ ಹಳೆಯ ಪೇಪರು ಹಾಸಿ ಚೀಲವನ್ನು ಅದರ ಮೇಲೆ ಬೋರಲು ಹಾಕಿ, ಬಿದ್ದ ಬೂದಿಯನ್ನು ಪೊಟ್ಟಣ ಕಟ್ಟಿ ಅತ್ತೆಗೆ ಕೊಟ್ಟರು. “ಹಿಂಗ ಪೇಪರದಾಗ ಕಟ್ಟಿ ಇಟ್ಟಿದ್ರ ಮುಗೀತಿತ್ತಲ್ರಿ ಅವ್ವಾರ.”

ಇಪ್ಪತ್ತು ದಿನ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯದ ಮಾತು. ಬಸ್ಸಿನುದ್ದಕ್ಕೂ ಅತ್ತೆಯ ಮೇಲೆ ಕುದಿಯುತ್ತ ಬಂದಿದ್ದ ನಾನು ಈಗ ನೆಲ ನೋಡಿದೆ.

ಗಾಳಿ ಆಡದೆ ಮೋಟರು ಕಾದಿತ್ತು; ಅದಕ್ಕೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ತುಂಡುಗಳು ಸವೆದು ಉಗುರಿನಷ್ಟಾಗಿದ್ದವು. ಈ ಮಷೀನಿನ ಕಾರ್ಬನ್ ಊರಲ್ಲಿ ಸಿಗುವುದಿಲ್ಲ ಎಂದು ಮೇಸ್ತ್ರಿ ಮಿಕ್ಸಿಯ ಕಾರ್ಬನ್ನುಗಳನ್ನು ತೆಗೆದುಕೊಂಡು ಅರದಿಂದ ಉಜ್ಜಿ ಅಳತೆಗೆ ತರತೊಡಗಿದರು. “ಒಳಗಿನ ತಂತಿ ಸುಟ್ಟಿದ್ರ ಇದೂ ದಂಡ. ಹಚ್ಚಿ ನೋಡಿದ ಮ್ಯಾಲೇ ಗೊತ್ತಾಗ್ತದ.”

ಮೂರೂವರೆಗೆ ಕಾರ್ಬನ್ ಕೂತವು. ಅವರು ಪ್ಲಗ್ಗಿಗೆ ಕೈ ಹಾಕಿದರು. ಕರೆಂಟು ಹೋಯಿತು.

ನಾಲ್ಕಾಯಿತು. ಮೇಲಿನ ಫ್ಯಾನು ಅಲ್ಲಾಡಲಿಲ್ಲ. ನಾಲ್ಕೂವರೆಗೆ ಯಜಮಾನರ ಫೋನು.

“ಎಲ್ಲಿದ್ದೀರಿ? ಬೆಡ್ ಖಾಲಿ ಮಾಡು ಅನ್ನಾಕತ್ತಾರ,” ಎಂದರು. ‘ಬೆಡ್’ ಮತ್ತು ‘ಖಾಲಿ’ಯ ನಡುವೆ ಒಮ್ಮೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಬರ್ತೇವ್ರಿ ಎಂದೆ.

“ಕರೆಂಟ್ ಬರದಿದ್ರ?” ಎಂದೆ ಮೇಸ್ತ್ರಿಗೆ.

“ಬರದಿದ್ರ ನಾಳಿಗಿ ಬರ್ರಿ.”

“ನಾಳಿ ತನಕ ನನ್ನ ಮಗ ಎಲ್ಲಿ ಮಲಗಬೇಕಪ್ಪಾ?” ಅತ್ತೆಯ ದನಿ ಸಣ್ಣಗಿತ್ತು. “ಚೀಲ ಮುಟ್ಟಬ್ಯಾಡ ಅಂದಾಕಿ ನಾನೇ.”

“ತುಂಬ್ಯದ ಅಂತ ಗೊತ್ತಿದ್ದೂ ಹಚ್ಚಿದಾಕಿ ನಾನ್ರಿ ಅತ್ತಿ,” ಎಂದೆ.

“ಜಗಳ ಮನ್ಯಾಗ ಮಾಡ್ರಿ, ಇಲ್ಲಿ ಜಾಗಾ ಇಲ್ಲ,” ಎಂದರು ಮೇಸ್ತ್ರಿ. ಅತ್ತೆಯ ತುಟಿಯಲ್ಲಿ ತುಸು ನಗು ಕಂಡಿತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಫ್ಯಾನು ತಿರುಗಿತು. ಮೇಸ್ತ್ರಿ ಸ್ವಿಚ್ಚು ಒತ್ತಿದರು. ಮೋಟರಿನ ಬಾಯಲ್ಲಿ ನೀಲಿ ಕಿಡಿ ಕಂಡು ನಾನು ಹಿಂದೆ ಸರಿದೆ. “ಹೊಸಾ ಕಾರ್ಬನ್, ಕೂಡ್ತದ ತಡ್ರಿ,” ಎಂದರು. ಕಿಡಿ ಸಣ್ಣದಾಯಿತು, ಸದ್ದು ಏರಿತು, ನಿಲ್ಲಲಿಲ್ಲ. “ಐದ್ ಮಿನಿಟ ಓಡಸ್ರಿ, ಹತ್ತು ಮಿನಿಟ ಬಿಡ್ರಿ. ದಿನಾ ಚೀಲ ಝಾಡಿಸಿ ಖಾಲಿ ಮಾಡ್ರಿ.”

ಯಜಮಾನರನ್ನು ಕರೆದುಕೊಂಡು ಆಟೋದಲ್ಲಿ ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವರು ಮೂಗಿಗೆ ಟವೆಲ್ ಹಿಡಿದು ಆಟೋದಲ್ಲೇ ಕೂತರು. ಒಳಗೆ ನಾನು ಗಾದಿಯ ಮೇಲೆ ಮಷೀನು ಆಡಿಸಿದೆ. ಅತ್ತೆ ಗಡಿಯಾರ ನೋಡುತ್ತ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದರು. ಐದು ನಿಮಿಷ, ಬಿಡುವು, ಮತ್ತೆ ಐದು. ಎರಡೂ ಮಗ್ಗುಲು ಮುಗಿದ ಮೇಲೆ ಅವರೇ ಹೋಗಿ ಮಗನನ್ನು ಕರೆತಂದರು. ಆ ರಾತ್ರಿ ಯಜಮಾನರು ಎರಡು ಸಲ ಕೆಮ್ಮಿದರು, ಅಷ್ಟೆ.

ಸೋಮವಾರ ಅತ್ತೆ ಪೇಪರಿನ ಪೊಟ್ಟಣ ಹಿಡಿದುಕೊಂಡು ಕೆರೆಗೆ ಹೋಗಿ ಬಿಟ್ಟು ಬಂದರು. ಬಂದವರೇ ಅಟ್ಟದಿಂದ ಮುಚ್ಚಳವಿರುವ ಸ್ಟೀಲ್ ಡಬ್ಬಿ ಇಳಿಸಿ, ಹೊಸ ವಿಭೂತಿ ಗಟ್ಟಿಗಳನ್ನು ಅದರಲ್ಲಿ ಹಾಕಿ ಜಗಲಿಯ ಮೇಲೆ ಇಟ್ಟರು.