ಆಕಾಶಕ್ಕೆ ಹೊಸ ಹೆಸರು ಬಂದ ವಾರ

ಡ್ರೋನ್ ಸರ್ವೆ ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ನಕ್ಷೆ ತಿದ್ದುವುದು ನನ್ನ ಕೆಲಸ. ಹೋದ ವರ್ಷ ಯಲಹಂಕ ವಾಯುನೆಲೆಯ ಮೇಲಿನ, ಅನುಮತಿಯಿಲ್ಲದೆ ಏನನ್ನೂ ಹಾರಿಸಬಾರದ ನಿರ್ಬಂಧಿತ ಆಕಾಶದ ಹೆಸರು ಬದಲಾಗಿದೆ ಎಂದು ಸುತ್ತೋಲೆ ಬಂತು. ಗಡಿ ಅದೇ, ಎತ್ತರ ಅದೇ. ಇಂಗ್ಲಿಷ್ ಅಕ್ಷರಕ್ಕೆ ಅಂಕಿ ಸೇರಿಸಿ ಇಟ್ಟಿದ್ದ ಹೆಸರು ಮಾತ್ರ ಬೇರೆ. ಎಲ್ಲ ನಕ್ಷೆಗಳಲ್ಲೂ ಹಳೆಯದನ್ನು ಅಳಿಸಿ ಹೊಸದನ್ನು ಬರೆದು ತಲೆ ಚಿಟ್ಟು ಹಿಡಿದುಹೋಗಿತ್ತು.

ಆ ಭಾನುವಾರ ಅಲ್ಲೇ ಪಕ್ಕದ ಕೋಗಿಲಿನ ಮನೆಯಲ್ಲಿ ದೊಡ್ಡಪ್ಪನ ಜೊತೆ ಊಟಕ್ಕೆ ಕೂತಾಗಲೂ ಇದನ್ನೇ ಗೊಣಗಿದೆ. ದೊಡ್ಡಪ್ಪ ತಾರಸಿಯ ಮೇಲೆ ಪಾರಿವಾಳ ಸಾಕಿದ್ದರು. ಎಲ್ಲಿ ಒಯ್ದು ಬಿಟ್ಟರೂ ಮನೆಗೇ ಮರಳುವ ಜಾತಿ. ವಿಮಾನಗಳಿಗೆ ಅಡ್ಡ ಬರುತ್ತವೆ, ಹಾರಿಸಬೇಡಿ ಎಂದು ವಾಯುನೆಲೆಯವರು ಹೇಳಿಹೋದ ಮೇಲೆ ಅವು ಗೂಡಿನಿಂದ ಹೊರಬಂದಿರಲಿಲ್ಲ.

ಕೈ ತೊಳೆಯಲು ಎದ್ದ ದೊಡ್ಡಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಮೇಲೆ ಹೋಗಿ ನೋಡಿದರೆ ಗೂಡಿನ ಚಿಲಕದ ಮೇಲೆ ಕೈ, ಮುಖದ ತುಂಬ ನಗು. ಹೆಸರು ಬದಲಾಯಿತೆಂದರೆ ಆಕಾಶ ವಾಯುನೆಲೆಯವರ ಕೈತಪ್ಪಿತು, ಅವರ ಮಾತು ಇನ್ನು ನಡೆಯುವುದಿಲ್ಲ ಎಂಬುದು ದೊಡ್ಡಪ್ಪನ ಲೆಕ್ಕಾಚಾರ. ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಯಾರ ಕೈಯೂ ತಪ್ಪಿಲ್ಲ, ನಿಯಮವೂ ಬದಲಾಗಿಲ್ಲ ಎಂದು ಬಿಡಿಸಿ ಹೇಳಿದೆ.

ಅವರು ಚಿಲಕದಿಂದ ಕೈ ತೆಗೆಯಲಿಲ್ಲ. ಒಂದು ಕಾಲಕ್ಕೆ ಅವರ ದ್ರಾಕ್ಷಿ ತೋಟವಿದ್ದ ಲೇಔಟಿನ ಕಡೆ ನೋಡುತ್ತ ಹೇಳಿದರು:

"ನಮ್ ತೋಟದ್ ಖಾತೇಲಿ ಎಸ್ರು ಬದಲಾದ್ ದಿನಾನೇ ಬೇಲಿ ಆಕ್ಬಿಟ್ರು ಕಣವ್ವಾ. ನಾನ್ ಒಳಗೆ ಕಾಲಿಡಂಗಿರ್ಲಿಲ್ಲ. ಆಕಾಶಕ್ಕೆ ಮಾತ್ರ ಬ್ಯಾರೆ ಕಾನೂನಾ?"

ಅವರು ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿ, ಕೆಳಗಿಳಿದು ಬಂದರು.

ಕೆಲವು ದಿನ ಬಿಟ್ಟು ಹಕ್ಕಿಗಳನ್ನೆಲ್ಲ ದೊಡ್ಡಬಳ್ಳಾಪುರದ ಆಚೆ ಇರುವ ಸೋದರಳಿಯನಿಗೆ ಕೊಟ್ಟುಬಂದರು. ಅಲ್ಲಿ ಹುಟ್ಟುವ ಮರಿಗಳಿಗೆ ಅದೇ ಮನೆ, ಅವಾದರೂ ಹಾರಲಿ ಎಂದರು. ದೊಡ್ಡಮ್ಮ ತಾರಸಿಯಲ್ಲಿ ಜಾಗವಾಯಿತೆಂದು ಬಟ್ಟೆ ಒಣಹಾಕತೊಡಗಿದರು.

ಮೊನ್ನೆ ಆ ಸೋದರಳಿಯನ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಮರಿಗಳಿಗೆ ರೆಕ್ಕೆ ಬಲಿತಿದೆಯಂತೆ. ದೊಡ್ಡಪ್ಪನಿಗೆ ಸಂತೋಷವೋ ಸಂತೋಷ. ಯಾವ ಹೊತ್ತಿಗೆ ಬಿಡಬೇಕು, ಎಷ್ಟು ಕಾಳು ಹಾಕಬೇಕು ಎಂದೆಲ್ಲ ಹೇಳಿಕೊಟ್ಟರು. ಆಮೇಲೆ ನನಗೆ ಬೆನ್ನು ಮಾಡಿ, ದನಿ ತಗ್ಗಿಸಿದರು.

"ಮರಿಗಳ್ನ ಬಿಡಪ್ಪ. ದೊಡ್ಡವಕ್ಕೆ ಮಾತ್ರ ಬಾಗ್ಲು ತೆಗೀಬ್ಯಾಡ. ಮನೆಗ್ ಬಂದ್ಬಿಡ್ತವೆ."