ಹಿಮದೂರಿನ ಪೆಕಾನ್, ಮಿರ್ದಿಫ್‌ನ ಅಂಗಳ

ನನಗೆ ಉತ್ಸಾಹ ಬಂತೆಂದರೆ ಮೊದಲು ಗಾಬರಿಯಾಗುವವಳು ನನ್ನ ಹೆಂಡತಿ ಸುಧಾ. ಶುರುಮಾಡುವವನು ನಾನು, ಮುಗಿಸುವವಳು ತಾನು ಎಂಬುದು ಅವಳ ಅನುಭವ. ಆ ಸಂಜೆ ಆಫೀಸಿನಿಂದ ದುಬೈಯ ಕರಾಮದ ನಮ್ಮ ಫ್ಲಾಟಿಗೆ ಬಂದವನು ಬೂಟು ಬಿಚ್ಚುವುದನ್ನೂ ಮರೆತು ಜೇಬಿನಿಂದ ಪೊಟ್ಟಣವೊಂದನ್ನು ತೆಗೆದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಪೆಕಾನ್!" ಎಂದೆ.

ಪೆಕಾನ್ ಎಂದರೆ ಅಕ್ರೋಟಿನ ದಾಯಾದಿ. ಇಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಪ್ಪೆ ಸುಲಿದು, ಹುರಿದು ಮಾರುತ್ತಾರೆ. ಅದು ಬಾಯಿಗೆ ಸರಿ, ಮಣ್ಣಿಗೆ ಬರುವುದಿಲ್ಲ. ನನ್ನ ಕೈಯಲ್ಲಿದ್ದುದು ಚಿಪ್ಪಿನ ಸಮೇತದ ಬೀಜ. ನನ್ನ ಆಫೀಸಿನ ಕೆನಡಾದ ಗೆಳೆಯ ರಜೆಗೆ ಊರಿಗೆ ಹೋದಾಗ ಅವರಪ್ಪನ ಹಿತ್ತಲಲ್ಲಿ ಆರಿಸಿ ತಂದದ್ದು. ಮೊಣಕಾಲುದ್ದ ಹಿಮ ಬಿದ್ದರೂ ಜಗ್ಗದ ತಳಿಯಂತೆ. ಅಂಥ ಮರವನ್ನು ದುಬೈಯಲ್ಲಿ ಬೆಳೆಸುವುದೆಂದರೆ! ನನಗೆ ಮೈ ಜುಮ್ಮೆಂದಿತು.

ಒಂದೇ ತೊಡಕು. ಈ ಬೀಜಕ್ಕೆ ವಿಪರೀತ ಅನುಮಾನ. ಚಳಿನಾಡಿನಲ್ಲಿ ಮರದಿಂದ ಬಿದ್ದ ಕೂಡಲೇ ಮೊಳೆತರೆ ಹಿಮಕ್ಕೆ ಸಿಕ್ಕಿ ಸಾಯಬೇಕಲ್ಲ? ಹಾಗಾಗಿ ಒಂದಿಡೀ ಚಳಿಗಾಲ ತೇವದಲ್ಲಿ ನಡುಗಿ, ಅದು ಮುಗಿಯಿತೆಂದು ಖಾತ್ರಿಯಾದ ಮೇಲೆಯೇ ಕಣ್ಣು ಬಿಡುತ್ತದೆ. ದುಬೈಯಲ್ಲಿ ಅಂಥ ಚಳಿಗಾಲ ಇರುವುದು ಒಂದೇ ಕಡೆ.

"ಫ್ರಿಜ್ಜಲ್ಲಿ ದೋಸೆ ಹಿಟ್ಟಿಗೇ ಜಾಗ ಇಲ್ಲ, ನಿಮ್ಮ ಮರಕ್ಕೆ ಎಲ್ಲಿಂದ ತರಲಿ ರೀ?" ಎಂದಳು ಸುಧಾ. ಆದರೂ ಒದ್ದೆ ತೆಂಗಿನ ನಾರಿನಲ್ಲಿ ಹುದುಗಿಸಿದ ಬೀಜಗಳ ಡಬ್ಬಿಗೆ ತರಕಾರಿಯ ಪಕ್ಕ ಜಾಗ ಮಾಡಿಕೊಟ್ಟಳು.

ಕೆಲವು ವಾರ ಕಳೆದಿತ್ತು. ನಮ್ಮ ಫ್ರಿಜ್ಜು ಇದ್ದಕ್ಕಿದ್ದಂತೆ ಕೆಟ್ಟು ನಿಂತಿತು. ಸುಧಾ ಹಾಲು, ಹಿಟ್ಟು ಎಂದು ಪರದಾಡುತ್ತಿದ್ದರೆ ನಾನು ಡಬ್ಬಿಯನ್ನು ಎದೆಗವಚಿಕೊಂಡು ಎದುರಿನ ಫ್ಲಾಟಿನ ಕರೆಗಂಟೆ ಒತ್ತಿದೆ. ಬಾಗಿಲು ತೆರೆದವರು ಉಳ್ಳಾಲದ ಮೈಮೂನಕ್ಕ.

"ಎಂತ ಮೂರ್ತಿಯವ್ರೆ, ಯಾರಿಗಾದ್ರೂ ಹುಷಾರಿಲ್ವಾ?"

"ಬೀಜ ಅಕ್ಕ. ಚಳಿಯಲ್ಲಿಡಬೇಕು."

ಅವರು ಡಬ್ಬಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. "ಮೇಲೆ ಬಂಗುಡೆ ಮೀನು ಉಂಟು. ಕೆಳಗೆ ಇಟ್ರೆ ಆಗ್ತದಾ? ವಾಸನೆ ಬಂದ್ರೆ ಆಮೇಲೆ ನನ್ನನ್ನು ಬೈಬೇಡಿ."

ನಮ್ಮ ಫ್ರಿಜ್ಜು ರಿಪೇರಿಯಾದರೂ ಬೀಜಗಳು ಅಲ್ಲೇ ಉಳಿದವು. ಕೊನೆಗೆ ಅವಧಿ ಮುಗಿಯಿತೆಂದು ಮೈಮೂನಕ್ಕನೇ ಡಬ್ಬಿಯನ್ನು ಹೊರಗಿಟ್ಟು, ದಿನಾ ನೀರು ಚಿಮುಕಿಸುತ್ತಾ ಬಂದರು. ಬಹುಪಾಲು ಕೊಳೆತವು. ನಾನು ಆಸೆ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಮಹಡಿಯಿಡೀ ಕೇಳುವಂತೆ ಅವರ ಕೂಗು: "ಒಡೀತು! ಮೂರ್ತಿಯವ್ರೇ, ಬೇಗ ಬನ್ನಿ, ಒಡೀತು!"

ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ ಓಡಿದೆ. ಚಿಪ್ಪು ತುದಿಯಲ್ಲಿ ಬಿರಿದು ಬೆಳ್ಳನೆಯ ಬೇರೊಂದು ಇಣುಕುತ್ತಿತ್ತು. ನನ್ನನ್ನು ಗೇಲಿ ಮಾಡುತ್ತಿದ್ದ ಸುಧಾ ಯಾವಾಗ ಬಂದಳೋ, ನನ್ನ ಭುಜದ ಮೇಲಿಂದ ಬಗ್ಗಿ, "ಅಯ್ಯೋ, ಎಷ್ಟು ಚೆನ್ನಾಗಿದೆ ರೀ!" ಎಂದಳು.

ಪೆಕಾನ್ ಎಲೆ ತೋರಿಸುವ ಮುಂಚೆ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಉದ್ದನೆಯ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಮಣ್ಣು ತುಂಬಿ, ಮೈಮೂನಕ್ಕನ ಬಾಲ್ಕನಿಯಲ್ಲೇ ನೆಟ್ಟೆವು. ದಿನವೂ ಖಾಲಿ ಮಣ್ಣನ್ನು ನೋಡಿ ಬರುವುದೇ ನನ್ನ ಪೂಜೆಯಾಯಿತು. ಕೆಂಪು ಚಿಗುರು ತಲೆಯೆತ್ತಿದ ದಿನ ಗಿಡವನ್ನು ಮನೆಗೆ ಒಯ್ಯಲು ಹೋದರೆ ಮೈಮೂನಕ್ಕ ಬಾಗಿಲಿಗೆ ಅಡ್ಡ ನಿಂತರು.

"ಕೊಡುದಿಲ್ಲ ಮಾರ್ರೆ. ಹುಟ್ಟಿದ್ದು ನಮ್ಮಲ್ಲಿ."

"ಬೀಜ ನಮ್ಮದಲ್ವಾ ಅಕ್ಕ?"

ಇಬ್ಬರೂ ನಗುತ್ತಿದ್ದೆವು, ಇಬ್ಬರೂ ಬಿಡುವಂತಿರಲಿಲ್ಲ. ಸುಧಾ ದಾರಿ ತೋರಿದಳು. ಬೇಸಿಗೆ ಬಂದರೆ ಇಬ್ಬರ ಬಾಲ್ಕನಿಯೂ ಕಾದ ಕಾವಲಿ; ಮಿರ್ದಿಫ್‌ನಲ್ಲಿ ಮೈಮೂನಕ್ಕನ ತಮ್ಮ ರಫೀಕ್ ಬಾಡಿಗೆಗಿರುವ ವಿಲ್ಲಾದ ಅಂಗಳದಲ್ಲಿ ಮಣ್ಣಿದೆಯಲ್ಲ?

ಮಣ್ಣಿತ್ತು, ಆದರೆ ಅದು ಮನೆ ಮಾಲೀಕರದು. ಶುಕ್ರವಾರ ನಾವೆಲ್ಲ ಪೈಪು ಹಿಡಿದು ಹೋದಾಗ ಆ ಅರಬ್ಬಿ ಹಿರಿಯರೂ ಬಂದರು. ಹಿಂದಿ ಬಲ್ಲವರು. ಹಣ್ಣು ಬಿಡುವುದು ಯಾವಾಗ ಎಂದು ಕೇಳಿದರು. ಬೀಜದ ಗಿಡವಾದ್ದರಿಂದ ಹತ್ತು ವರ್ಷವಾದರೂ ಬೇಕು ಎಂದೆ.

"ನಿನ್ನ ವೀಸಾ ಎಷ್ಟು ವರ್ಷದ್ದು?"

"ಎರಡು."

ಅವರು ಗಹಗಹಿಸಿ ನಕ್ಕರು. ಅವರು ಬೇಡವೆಂದರೆ ಗಿಡ ಬಾಲ್ಕನಿಯಲ್ಲಿ ಬೆಂದುಹೋಗುವುದು ಖಂಡಿತ. ಆದರೂ ಮುಚ್ಚಿಡಲು ಮನಸ್ಸಾಗಲಿಲ್ಲ. ಇಲ್ಲಿ ಚಳಿ ಸಾಲದು, ಕಾಯಿ ಬಿಡದೆಯೂ ಇರಬಹುದು ಎಂದೂ ಹೇಳಿಬಿಟ್ಟೆ. ಮೈಮೂನಕ್ಕ ನನ್ನ ಕಡೆ ಉರಿಗಣ್ಣು ಬಿಟ್ಟರು.

ಹಿರಿಯರು ಚಿಗುರನ್ನು ಬೆರಳಿನಿಂದ ಮುಟ್ಟಿದರು. "ನೆರಳು ಕೊಡುತ್ತದೋ?"

"ಬದುಕಿದರೆ ಕೊಡುತ್ತದೆ."

"ಖಲಾಸ್, ಅಷ್ಟು ಸಾಕು. ಈ ಊರಲ್ಲಿ ಅದಕ್ಕಿಂತ ಒಳ್ಳೆ ಹಣ್ಣು ಯಾವುದಿದೆ? ಯಲ್ಲಾ, ತಡ ಬೇಡ, ನೆಡಿ."

ಬೇಸಿಗೆ ಶುರುವಾದಾಗ ಹಸಿರು ಬಲೆಯ ಚಪ್ಪರ ಹಾಕಿಸಿದವರೂ ಅವರೇ. ಅದರಡಿಯಲ್ಲಿ ಗಿಡ ಎಲೆ ಸುಟ್ಟುಕೊಂಡಿತು, ಸೊರಗಿತು, ಮತ್ತೆ ಚಿಗುರಿತು. ಬೇಸಿಗೆ ಇಳಿದ ಮೇಲೆ ಚಪ್ಪರ ತೆಗೆಸಿದರು. ಈಗ ಅದರದೇ ನೆರಳು ಅಂಗೈಗಿಂತ ತುಸು ದೊಡ್ಡದಿದೆ. ಮೊನ್ನೆ ಹೋದಾಗ ಮೈಮೂನಕ್ಕ ಬಿಸಿಲಲ್ಲೇ ಗಿಡದ ಪಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು. ಹೊರಡುವಾಗ ಮೆಟ್ಟಿಕೊಂಡವರು ಹಾಗೇ ನಿಂತುಬಿಟ್ಟರು; ಮುಖವೆಲ್ಲ ಅರಳಿತು.

"ಮೂರ್ತಿಯವ್ರೆ, ಒಂದು ಚಪ್ಪಲಿ ತಣ್ಣಗೆ ಉಂಟು!"